ಬಳೆಗೆ ಕೂಗಿದ ಯಂತ್ರ

ಕೈಯಿಂದ ಸೂಜಿ ಜಾರಿದರೆ ಹುಡುಕಿ ಕೊಡು ಎಂದು ಹೆಂಡತಿಯನ್ನು ಕೂಗುತ್ತಿದ್ದ ದರ್ಜಿ ಖಿದಿರ್, ಮರಳುಗಾಡಿಗೆ ಹೋಗಿ ಚಿನ್ನ ಹುಡುಕುತ್ತೇನೆ ಅಂದಾಗ ಬತೂಲ್‌ಗೆ ಮೊದಲು ಬಂದದ್ದು ನಗು. ಆಮೇಲೆ ಬಂದದ್ದು ಸಿಟ್ಟು. ಮಾತಾಡುತ್ತಿದ್ದವನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಕೈಮೇಲಿತ್ತು.

"ಎದುರಿಗೆ ಬಿದ್ದ ಸೂಜಿ ಕಾಣಲ್ಲ ನಿನಗೆ, ನೆಲದೊಳಗಿನ ಚಿನ್ನ ಕಾಣುತ್ತಾ?" ಅಂದಳು.

"ಕಾಣೋದು ನನಗಲ್ಲ ಮಾವನ ಮಗಳೇ, ಯಂತ್ರಕ್ಕೆ. ಮೆಟಲ್ ಡಿಟೆಕ್ಟರ್. ಕೋಲಿನ ತುದೀಲಿ ತಟ್ಟೆ ಇರುತ್ತೆ, ನೆಲದ ಮೇಲೆ ಆಡಿಸಿದರೆ ಸಾಕು, ಚಿನ್ನ ಇರೋ ಕಡೆ ಕೂಗುತ್ತೆ. ಕತ್ತೆಗಾಡಿ ಹೊಡೀತಿದ್ದ ಕರ್ರಾರ್ ಈಗ ಪಿಕಪ್ ಇಟ್ಟಿದ್ದಾನೆ. ಅವನಿಗಿಂತ ನಾನು ದಡ್ಡನಾ?"

ದಡ್ಡನೋ ಅಲ್ಲವೋ, ಅವನ ಕಷ್ಟ ಸುಳ್ಳಾಗಿರಲಿಲ್ಲ. ಅಬು ಹಮದ್ ಪೇಟೆಯಲ್ಲಿ ಆ ವರ್ಷ ನಿಲುವಂಗಿ ಹೊಲಿಸುವವರೇ ಇರಲಿಲ್ಲ. ಮೀಸೆ ಚಿಗುರಿದ ಗಂಡಸರೆಲ್ಲ ಚಿನ್ನಕ್ಕೆಂದು ಮರಳಿಗೆ ಬಿದ್ದಿದ್ದರು. ನೈಲ್ ನದಿಯ ದಡದ ಖರ್ಜೂರ ಗಿಡದಲ್ಲೇ ಒಣಗುತ್ತಿತ್ತು, ಇಳಿಸುವ ಕೈ ಇರಲಿಲ್ಲ. ಖಿದಿರನ ಹೊಲಿಗೆ ಯಂತ್ರದ ಮೇಲೆ ದೂಳು ಕೂತಿತ್ತು, ಅವನ ಮುಖದ ಮೇಲೂ ಕೂತಿತ್ತು.

ಬತೂಲಳ ಕೈಯಲ್ಲಿ ಇದ್ದದ್ದು ನಾಲ್ಕು ಚಿನ್ನದ ಬಳೆ. ಅವಳ ತಾಯಿ ಖರ್ಜೂರದ ಗರಿಯಲ್ಲಿ ತಟ್ಟೆಮುಚ್ಚಳ ಹೆಣೆದು ಹೆಣೆದು, ಬೆರಳ ಸಂದಿ ಬಿರಿದು ರಕ್ತ ಬಂದರೂ ಬಿಡದೆ ಮಾರಿ, ಒಂದೊಂದಾಗಿ ಮಾಡಿಸಿದ ಬಳೆಗಳು. ಸಾಯುವ ಮುಂಚೆ ಮಗಳ ಕೈಗೆ ತಾನೇ ತೊಡಿಸಿ, "ಗಂಡ ಬಿಟ್ಟರೂ ಬಳೆ ಬಿಡಬೇಡ" ಅಂದಿದ್ದಳು. ಕಿಸ್ರಾ ರೊಟ್ಟಿಗೆ ಜೋಳದ ಹಿಟ್ಟು ಕಲಸುವಾಗಲೂ ಬತೂಲ್ ಅವನ್ನು ಮೊಳಕೈವರೆಗೆ ಏರಿಸಿಕೊಳ್ಳುತ್ತಿದ್ದಳೇ ಹೊರತು ತೆಗೆದಿಟ್ಟವಳಲ್ಲ.

ಬಳೆ ಕೊಡಲ್ಲ ಅಂದಾಗ ಖಿದಿರ್ ಬಯ್ಯಲಿಲ್ಲ, ಹೊಡೆಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ, ಮೂಲೆಯಲ್ಲಿ ಕೂತು ನಿಟ್ಟುಸಿರು ಬಿಟ್ಟ. ಬೆಳಿಗ್ಗೆ ಚಹಾದ ಜೊತೆ ಒಂದು, ರಾತ್ರಿ ಊಟದ ಜೊತೆ ಒಂದು. ಬಯ್ಗುಳಕ್ಕೆ ಬಯ್ಗುಳ ಕೊಡಬಹುದು, ನಿಟ್ಟುಸಿರಿಗೆ ಏನು ಕೊಡುವುದು? ಕೊನೆಗೆ ಅವಳೇ ಬಾಯಿ ಬಿಟ್ಟಳು.

"ಯಂತ್ರದ ಪಾಲು ಯಾರದು?"

ಮರಳಿನ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ. ಸಿಕ್ಕ ಚಿನ್ನದಲ್ಲಿ ಗಾಡಿಗೊಂದು ಪಾಲು, ಯಂತ್ರಕ್ಕೊಂದು ಪಾಲು, ದುಡಿದ ಕೈಗಳಿಗೊಂದು ಪಾಲು. ಯಂತ್ರ ಯಾರ ಚಿನ್ನದಲ್ಲಿ ಬಂತೋ ಯಂತ್ರದ ಪಾಲು ಅವರದು.

"ನಿನ್ನದೇ!" ಖಿದಿರ್ ಎದ್ದು ನಿಂತ. "ಬಳೆ ನಿನ್ನದು, ಯಂತ್ರ ನಿನ್ನದು, ಪಾಲೂ ನಿನ್ನದು. ಮೊದಲ ಪಾಲಲ್ಲೇ ಬಳೆ ಬಿಡಿಸಿ ಕೈಗೆ ಹಾಕ್ತೀನಿ."

ಆಸೆ ಅವಳಿಗೂ ಇತ್ತು. ಸುಳ್ಳೇಕೆ ಹೇಳಬೇಕು? ನಾಲ್ಕು ಬಳೆ ಹೋಗಿ ಎಂಟು ಬಂದರೆ ಯಾವ ಹೆಂಗಸು ಬೇಡ ಅಂತಾಳೆ!

ಆದರೆ ಬತೂಲ್ ಕಣ್ಣುಮುಚ್ಚಿ ನಂಬುವ ಪೈಕಿಯಲ್ಲ. ಪಕ್ಕದ ಬೀದಿಯವರು ಮೋಸಹೋದ ಕಥೆ ಅವಳಿಗೆ ಗೊತ್ತಿತ್ತು. ಅಂಗಡಿಯವನು ತನ್ನದೇ ಚಿನ್ನದ ಚೂರು ಹೂತು ಯಂತ್ರ ಕೂಗಿಸಿದ್ದ. ಆ ಚೂರು ಆಮೇಲೆ ನೋಡಿದರೆ ಬಣ್ಣ ಬಳಿದ ಕಬ್ಬಿಣ. ಹಾಗಾಗಿ ಅವಳು ಒಂದು ನಿಯಮ ಮಾಡಿದಳು: ಅಂಗಡಿಗೆ ತಾನೂ ಜೊತೆಗೆ ಬರಬೇಕು, ಯಂತ್ರ ಕೂಗಬೇಕಾದದ್ದು ತನ್ನ ಚಿನ್ನಕ್ಕೆ, ಬೇರೆಯವರದಕ್ಕಲ್ಲ.

ತಿಜಾನಿಯ ಅಂಗಡಿಯಲ್ಲಿ ಯಂತ್ರಗಳು ಕುರಿಯ ತೊಡೆಗಳ ಹಾಗೆ ಸಾಲಾಗಿ ತೂಗುತ್ತಿದ್ದವು. ದಪ್ಪ ಹೊಟ್ಟೆಯ, ಮೆಲುಮಾತಿನ ಮನುಷ್ಯ. ಮೊದಲು ಶುಂಠಿ ಕಾಫಿ ಕೊಟ್ಟ, ಆಮೇಲೆ ಖಿದಿರನನ್ನು ಕೇಳಿದ.

"ಅಣ್ಣಾ, ಯಾವ ಮಣ್ಣಿಗೆ ಹೋಗ್ತೀಯ?"

"ಚಿನ್ನ ಇರೋ ಮಣ್ಣಿಗೆ," ಅಂದ ಖಿದಿರ್, ತಾನೇ ನಕ್ಕ.

ತಿಜಾನಿ ನಗಲಿಲ್ಲ. ಮತ್ತೊಮ್ಮೆ ಕೇಳಲೂ ಇಲ್ಲ. ಗೋಡೆಯಿಂದ ಒಂದು ಕರಿ ಯಂತ್ರ ಇಳಿಸಿದ. ನೋಡಲು ಕೊಳಕು, ಎತ್ತಲು ಭಾರ, ಮುಖದ ಮೇಲೆ ಎರಡು ತಿರುಗಣಿ ಬಿಟ್ಟರೆ ಇನ್ನೇನೂ ಇಲ್ಲ. "ಇದು ಕರಿಕಲ್ಲಿನ ನೆಲಕ್ಕೂ ಆಗುತ್ತೆ," ಅಂದು ಬೆಲೆ ಹೇಳಿದ. ಬಳೆ ಜೊತೆಗೆ ಹೊಲಿಗೆ ಯಂತ್ರ ಮಾರಿದರೂ ಮುಟ್ಟದ ಬೆಲೆ.

"ಮುದಿ ಕತ್ತೆ ಥರ ಇದೆ," ಅಂದ ಖಿದಿರ್. ಅವನ ಕಣ್ಣು ಆಗಲೇ ಪಕ್ಕದ ಹಳದಿ ಯಂತ್ರಕ್ಕೆ ಅಂಟಿತ್ತು. ಹಗುರ, ಹೊಚ್ಚ ಹೊಸದು, ಮೊಬೈಲಿನಂಥ ಪರದೆ. ಪರದೆಯಲ್ಲಿ ಕಬ್ಬಿಣಕ್ಕೊಂದು ಚಿತ್ರ, ಚಿನ್ನಕ್ಕೊಂದು ಚಿತ್ರ. "ಇದು?"

"ಇದು ಹೊಸಬರಿಗೆ ಸುಲಭ. ಎಲ್ಲರೂ ಇದನ್ನೇ ಕೇಳ್ತಾರೆ." ತಿಜಾನಿ ಗಲ್ಲಾ ಎಳೆದು ಒಂದು ಚಿನ್ನದ ಚೂರು ತೆಗೆದ. "ಬನ್ನಿ, ಹಿಂದಿನ ಅಂಗಳದಲ್ಲಿ ಪರೀಕ್ಷೆ ಮಾಡೋಣ."

"ನಿನ್ನ ಚಿನ್ನ ನಿನ್ನ ಹತ್ರಾನೇ ಇರಲಿ ಅಣ್ಣ," ಬತೂಲ್ ಮುಂದೆ ಬಂದಳು. "ಹೂಳೋದು ನನ್ನ ಬಳೆ. ಹೂಳೋಳು ನಾನು. ನೀನು ಆ ಕಡೆ ತಿರುಗು."

ತಿಜಾನಿ ಎರಡೂ ಕೈ ಎತ್ತಿದ. "ಹೆಣ್ಣು ಅಂದ್ರೆ ಹೀಗಿರಬೇಕು! ಅಣ್ಣಾ, ನಿನ್ನ ಪುಣ್ಯ." ಅವನ ದನಿಯಲ್ಲಿ ಒಂಚೂರೂ ಬೇಸರವಿರಲಿಲ್ಲ. ಅದನ್ನು ಅವಳು ಆಗಲೇ ಗಮನಿಸಬೇಕಿತ್ತು. ಅತಿ ಜಾಣತನಕ್ಕೆ ಅಷ್ಟು ಪುರುಸೊತ್ತು ಎಲ್ಲಿ?

ಅಂಗಳದಲ್ಲಿ ನದಿಯ ಬಿಳಿ ಮರಳಿನ ರಾಶಿ. ಬತೂಲ್ ಒಂದು ಬಳೆ ಬಿಚ್ಚಿ ಒಂದು ಕಡೆ ಮೊಳಕೈ ಆಳ ಹೂತಳು, ಇನ್ನೊಂದು ಕಡೆ ತುಕ್ಕು ಮೊಳೆ ಹೂತಳು, ಮೂರನೆಯ ಕಡೆ ಏನೂ ಹೂಳದೆ ಸುಮ್ಮನೆ ಮರಳು ಕೆದಕಿ ಬಿಟ್ಟಳು. ಖಿದಿರ್ ಹಳದಿ ಯಂತ್ರ ಹಿಡಿದು ಬಂದ. ಕೆದಕಿದ ಕಡೆ ಮೌನ. ಮೊಳೆಯ ಮೇಲೆ ಮೌನ. ಬಳೆಯ ಮೇಲೆ ಬಂದದ್ದೇ ತಡ, ಕಿರ್ರೋ ಎಂದು ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಕೂಗಿತು. ಪರದೆಯಲ್ಲಿ ಚಿನ್ನದ ಚಿತ್ರ ಮಿನುಗಿತು.

ಬತೂಲ್ ಮರಳಿನ ಮೇಲೆ ಬಗ್ಗಿದಳು. ತಾಯಿ ಮಣ್ಣಿನೊಳಗಿಂದ ಕರೆದಂತಾಯಿತು. ಅವಳು ಇನ್ನೂ ಆಳಕ್ಕೆ ಹೂತಳು, ಮತ್ತೆ ಕೂಗಿತು.

"ಸರಿ ತಾಯಿ," ತಿಜಾನಿ ಅಂದ, "ನಮ್ಮ ಸಂತೆಯ ಕಟ್ಟಳೆ ನಿಮಗೆ ಗೊತ್ತು. ಪರೀಕ್ಷೆಗೆ ಇಟ್ಟ ಚಿನ್ನ ಯಾರದೋ, ಒಪ್ಪಿದೆ ಅನ್ನೋ ಮಾತೂ ಅವರ ಬಾಯಿಂದಲೇ ಬರಬೇಕು. ಬಂದ ಮೇಲೆ ವಾಪಸು ಅನ್ನೋ ಹಾಗಿಲ್ಲ."

"ಒಪ್ಪಿದೆ," ಅಂದಳು ಬತೂಲ್. ಅಂಗಡಿಯ ಇಬ್ಬರು ಗಿರಾಕಿಗಳು ಸಾಕ್ಷಿಯಾದರು.

ಬಳೆಗಳನ್ನು ಕೊಂಡದ್ದು ಮೂರು ಅಂಗಡಿ ಆಚೆಯ ಅಕ್ಕಸಾಲಿಗ ಮಕ್ಕಾವಿ. ಬಿಚ್ಚಿ ಕೊಡುವಾಗ ಅವಳ ಕಣ್ಣು ತುಂಬಿದ್ದು ನೋಡಿ, "ಅಳಬೇಡಮ್ಮ. ಬಕ್ರೀದ್ ತನಕ ಕರಗಿಸಲ್ಲ. ಅಷ್ಟರೊಳಗೆ ಬಾ, ಬಿಡಿಸ್ಕೊ," ಅಂದ. ಗಡ್ಡ ನೀವಿಕೊಂಡು ಅಂದ. ಗಡ್ಡ ನೀವಿಕೊಂಡು ಹೇಳಿದ ಮಾತು ಗಟ್ಟಿ ಅಂದುಕೊಂಡಳು.

ಆ ಹಣದಲ್ಲಿ ಕೊಂಡ ಹಳದಿ ಯಂತ್ರ ಹೊತ್ತು ಖಿದಿರ್ ಕರ್ರಾರನ ಪಿಕಪ್ ಹತ್ತಿ ಮರಳುಗಾಡಿಗೆ ಹೋದ. ಬತೂಲ್ ಖಾಲಿ ಕೈ ನೋಡಿಕೊಂಡು ಉಳಿದಳು. ಮಣಿಕಟ್ಟಿನ ಸುತ್ತ ಬಿಸಿಲು ಕಾಣದ ಬಿಳಿಚು ಪಟ್ಟಿ. ಹಿಟ್ಟು ಕಲಸಲು ಕೂತರೆ ಇಲ್ಲದ ಬಳೆಯನ್ನು ಮೇಲೇರಿಸಲು ಕೈ ಹೋಗುತ್ತಿತ್ತು. ನೀರಿಗೆ ಬಂದ ಹೆಂಗಸರು, "ಏನಮ್ಮಾ ಯಂತ್ರದ ಯಜಮಾನಿ, ಮುಂದಿನ ವರ್ಷ ನಮ್ಮನ್ನ ಗುರುತು ಹಿಡೀತೀಯಾ?" ಅಂತ ಚುಚ್ಚುತ್ತಿದ್ದರು. "ಚಹಾ ಕುಡಿಯೋಕೆ ಕರೀತೀನಿ, ಚಿನ್ನದ ಲೋಟ ನೀವೇ ತನ್ನಿ," ಅನ್ನುತ್ತಿದ್ದಳು ಇವಳು. ಆಗಿನ್ನೂ ನಗು ಬರುತ್ತಿತ್ತು.

ಬಕ್ರೀದ್ ಹತ್ತಿರ ಬಂದಾಗ ಪಿಕಪ್ ಬಾಗಿಲಿಗೆ ಬಂತು. ಖಿದಿರ್ ಸುಟ್ಟ ಬದನೆಕಾಯಿಯಾಗಿದ್ದ, ತುಟಿ ಬಿರಿದಿತ್ತು. ಯಂತ್ರವನ್ನು ಹೊತ್ತು ತಂದವನು ಕರ್ರಾರ್. ಹಗ್ಗದ ಮಂಚದ ಮೇಲೆ ಅದನ್ನು ಸತ್ತ ಕೋಳಿಯ ಹಾಗೆ ಎಸೆದ.

"ತಗೋ ತಂಗಿ ನಿನ್ನ ಯಂತ್ರ. ಇದರ ಪಾಲೂ ಇದರೊಳಗೇ ಇದೆ, ಹುಡುಕ್ಕೋ."

"ಏನಾಯ್ತು?"

"ಏನಾಗ್ಲಿಲ್ಲ ಕೇಳು! ಅಲ್ಲಿರೋದೆಲ್ಲ ಕರಿಕಲ್ಲು, ಒಳಗೆ ಕಬ್ಬಿಣ ತುಂಬಿಕೊಂಡಿರೋ ಕಲ್ಲು. ಒಂಟಿ ಮೊಳೆಗೆ ಸುಮ್ಮನಿರೋ ಯಂತ್ರಕ್ಕೂ ಅಲ್ಲಿ ತಲೆ ಕೆಡುತ್ತೆ. ಇದು ಒಂದೊಂದು ಕಲ್ಲಿಗೂ ಹೆರಿಗೆ ನೋವು ಬಂದೋಳ ಥರ ಕಿರುಚಿತು. ನಿನ್ನ ಗಂಡ ಒಂದೊಂದು ಕಿರುಚಾಟಕ್ಕೂ ಅಗೆದ. ಆಮೇಲೆ ಅದರ ಚುರುಕು ತಗ್ಗಿಸಿ ಬಾಯಿ ಮುಚ್ಚಿಸಿದೆವು. ಮುಚ್ಚಿದ ಬಾಯಿ ಚಿನ್ನಕ್ಕೂ ತೆರೀಲಿಲ್ಲ."

"ನೆಲ ಸರಿ ಇರಲಿಲ್ಲ," ಖಿದಿರ್ ಗೊಣಗಿದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಅದೇ ನೆಲಕ್ಕೆ ಆಮೇಲೆ ಇನ್ನೊಂದು ಗುಂಪು ಬಂತು, ಕರಿ ಯಂತ್ರ ಹಿಡ್ಕೊಂಡು. ಇವನ ಹೆಜ್ಜೆ ಗುರುತಿನ ಕೆಳಗೇ ಅವರೆಕಾಳಿನಷ್ಟು ಚಿನ್ನ ತೆಗೆದರು ತಂಗಿ. ಇವನ ಚಪ್ಪಲಿ ಅಚ್ಚು ಇನ್ನೂ ಅಳಿಸಿರಲಿಲ್ಲ!" ಕರ್ರಾರ್ ಯಂತ್ರದ ಕಡೆ ಬೊಟ್ಟು ಮಾಡಿದ. "ತಗೊಳ್ಳುವಾಗ ಹೇಗೆ ಪರೀಕ್ಷೆ ಮಾಡಿದಿರಿ?"

"ನನ್ನ ಬಳೆ ಹೂತು."

"ಬಳೆ!" ಕರ್ರಾರ್ ಹಣೆ ಚಚ್ಚಿಕೊಂಡ. "ಚಿನ್ನ ನೆಲದಲ್ಲಿ ಬಳೆಯಾಗಿ ಬೆಳೆಯುತ್ತಾ? ಬಳೆ ಅಂದ್ರೆ ತುದಿ ಇಲ್ಲದ ಸುತ್ತು. ಅದಕ್ಕೆ ಮಕ್ಕಳ ಆಟಿಕೆ ಯಂತ್ರನೂ ಕೂಗುತ್ತೆ. ಅದೂ ನದಿ ಮರಳಲ್ಲಿ! ಕಾಳಿನಂಥ ಹಸಿ ಚಿನ್ನ ತರಬೇಕಿತ್ತು, ಕರಿಕಲ್ಲಿನ ನಡುವೆ ಇಟ್ಟು ನೋಡಬೇಕಿತ್ತು. ಬಳೆಗೆ ಕೂಗೋ ಯಂತ್ರ ತಗೊಂಡು ಮರಳುಗಾಡಿಗೆ ಬಂದ್ರೆ, ಅಲ್ಲಿ ಬಳೆ ತೊಟ್ಟ ಹೆಣ ಹುಡುಕಬೇಕು ಅಷ್ಟೇ."

ಬತೂಲ್ ಗಂಡನ ಕಡೆ ನೋಡಿದಳು. ಒಂದು ಮಾತು, ಒಂದೇ ಒಂದು ಮಾತು ತನ್ನ ಪರವಾಗಿ ಆಡುತ್ತಾನೇನೋ ಎಂದು.

"ನಾನೇನು ಮಾಡ್ಲಿ?" ಅಂದ ಖಿದಿರ್ ಕರ್ರಾರನಿಗೆ. "ಒಪ್ಪಿದೆ ಅಂದವಳು ಅವಳೇ. ಸಾಕ್ಷಿ ಇದೆ ಬೇಕಾದ್ರೆ."

ಆ ಮಾತು ಅವಳಿಗೆ ಚೂರಿಯಂತೆ ನಾಟಿತು. ಯಂತ್ರ ಕೈಕೊಟ್ಟದ್ದಕ್ಕಿಂತ ಇದು ಹೆಚ್ಚು ನೋಯಿತು. ಆ ದಿನ ಅವನಿಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಮರುದಿನ ಯಂತ್ರ ಹೊತ್ತು ಇಬ್ಬರೂ ತಿಜಾನಿಯ ಅಂಗಡಿಗೆ ಹೋದರು. ತಿಜಾನಿ ಮತ್ತೆ ಶುಂಠಿ ಕಾಫಿ ಕೊಟ್ಟ.

"ನಿಮ್ಮದೇ ಚಿನ್ನ, ನಿಮ್ಮದೇ ಬಾಯಿ," ಅಂದ. "ನಾನು ಮಣ್ಣು ಯಾವುದು ಅಂತ ಕೇಳಿದ್ದೆ ತಾಯಿ. ಕರಿ ಯಂತ್ರ ತೋರಿಸಿಯೂ ಇದ್ದೆ. ನನ್ನ ಮೇಲೆ ತಪ್ಪು ಹೊರಿಸಿದ್ರೆ ದೇವರು ಮೆಚ್ತಾನಾ?"

ಎಲ್ಲ ನಿಜ. ಅದೇ ಹೊಟ್ಟೆ ಉರಿಸುವ ಸಂಗತಿ. ಒಂದು ಸುಳ್ಳೂ ಹೇಳದೆ ಮನೆ ತೊಳೆದಿದ್ದ ಮಹಾರಾಯ.

"ಒಂದು ಕೆಲಸ ಮಾಡಬಹುದು," ತಿಜಾನಿ ದನಿ ತಗ್ಗಿಸಿದ. "ಯಂತ್ರ ಇಲ್ಲೇ ಇರಲಿ, ಮಾರಿಸಿ ಕೊಡ್ತೀನಿ. ಹಬ್ಬದ ಮುಂಚೆ ಹೊಸಬರು ಬರ್ತಾರೆ. ನೀವು ಇಲ್ಲೇ ಕೂತಿರಿ ತಾಯಿ. ಹೆಣ್ಣು ಮಗಳು ಕೂತಿದ್ರೆ ಜನಕ್ಕೆ ನಂಬಿಕೆ. ನೀವೇನೂ ಸುಳ್ಳು ಹೇಳೋದು ಬೇಡ."

ಬೇಡ ಎಂದು ಎದ್ದು ಬರಬಹುದಿತ್ತು. ಆದರೆ ಮೂರು ಅಂಗಡಿ ಆಚೆ ಮಕ್ಕಾವಿಯ ಪೆಟ್ಟಿಗೆಯಲ್ಲಿ ತಾಯಿಯ ಬೆರಳ ರಕ್ತ ಇತ್ತು, ಹಬ್ಬ ಬಾಗಿಲಲ್ಲಿ ನಿಂತಿತ್ತು. ಬತೂಲ್ ಕೂತಳು.

ಬಂದವರು ದಕ್ಷಿಣದ ಹತ್ತಿ ಹೊಲಗಳ ಕಡೆಯವರು. ಗಂಡ ಬದವಿ, ಹೊಸ ಮೀಸೆಯ ಉತ್ಸಾಹಿ. ಹೆಂಡತಿ ಇಖ್ಲಾಸ್, ಕೈಯ ಮದುವೆಯ ಮೆಹೆಂದಿ ಇನ್ನೂ ಪೂರ್ತಿ ಮಾಸಿರಲಿಲ್ಲ. ಸಣ್ಣ ಕೈ, ಆ ಕೈಯಲ್ಲಿ ಹುರಿಹಗ್ಗದಂತೆ ತಿರುಚಿದ ನಾಲ್ಕು ಬಳೆ.

"ಯಾವ ಮಣ್ಣಿಗೆ ಹೋಗ್ತೀಯ ತಮ್ಮಾ?" ತಿಜಾನಿ ಕೇಳಿದ.

"ಚಿನ್ನ ಇರೋ ಮಣ್ಣಿಗೆ!" ಅಂದ ಬದವಿ, ನಕ್ಕ.

ಖಿದಿರ್ ನೆಲ ನೋಡಿದ.

ತಿಜಾನಿ ಕರಿ ಯಂತ್ರ ತೋರಿಸಿದ, ಬೆಲೆ ಹೇಳಿದ, ಆಮೇಲೆ ಈ ತಾಯಿಯದು ಎಂದು ಹಳದಿಯದನ್ನು ತೋರಿಸಿದ. ಗಲ್ಲಾದಿಂದ ಅದೇ ಚಿನ್ನದ ಚೂರು ತೆಗೆದ. ಇಖ್ಲಾಸ್ ಮುಂದೆ ಬಂದಳು.

"ಅದೆಲ್ಲ ಬೇಡ. ನಿಮ್ಮ ಚಿನ್ನ ನಂಬೋಕಾಗಲ್ಲ." ಆಮೇಲೆ ಬತೂಲಳ ಕಡೆ ತಿರುಗಿದಳು. "ಅಕ್ಕಾ, ಯಂತ್ರ ನಿಮ್ಮದಂತೆ. ಯಾಕೆ ಮಾರ್ತಿದ್ದೀರಿ?"

ಎಷ್ಟು ನೇರವಾದ ಪ್ರಶ್ನೆ! ತಾನು ಅಂದು ಕೇಳಬೇಕಿದ್ದ ಪ್ರಶ್ನೆ, ಕೇಳಲು ಎದುರಿಗೆ ಯಾರೂ ಕೂತಿರಲಿಲ್ಲ. ನಿಜ ಬತೂಲಳ ನಾಲಿಗೆಯ ತುದಿಗೆ ಬಂದು ನಿಂತಿತು. ಕರಿಕಲ್ಲು ಅನ್ನಬೇಕಿತ್ತು, ಹಸಿ ಚಿನ್ನ ತಂದು ನೋಡು ಅನ್ನಬೇಕಿತ್ತು. ನಾಲ್ಕು ಮಾತಿನ ಕೆಲಸ. ಆ ನಾಲ್ಕು ಮಾತಿನ ಬೆಲೆ ನಾಲ್ಕು ಬಳೆ.

"ನನ್ನ ಗಂಡನ ಮೈಗೆ ಬಿಸಿಲು ಆಗಿ ಬರಲ್ಲ," ಅಂದಳು.

"ಯಂತ್ರ ಚೆನ್ನಾಗಿದೆಯಾ?"

"ನನ್ನ ಮಾತು ಯಾಕೆ ನಂಬ್ತೀಯ ತಂಗಿ? ಯಾರ ಮಾತೂ ನಂಬಬೇಡ. ನಿನ್ನ ಬಳೇನೇ ಹೂತು ನೋಡು."

ಹುಡುಗಿಯ ಮುಖ ಅರಳಿತು. "ನಾನೂ ಅದನ್ನೇ ಅಂದುಕೊಂಡಿದ್ದೆ! ಹೆಣ್ಣಿನ ಕಷ್ಟ ಹೆಣ್ಣಿಗೇ ಗೊತ್ತಾಗೋದು ಅಕ್ಕಾ."

ಅಂಗಳದಿಂದ ಯಂತ್ರ ಕಿರ್ರೋ ಎಂದು ಕೂಗಿದ್ದು ಕೇಳಿಸಿತು. ಹುಡುಗಿ ಕೇಕೆ ಹಾಕಿದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅವಳ ಬಾಯಿಂದ "ಒಪ್ಪಿದೆ" ಬಂತು. ಬತೂಲ್ ಕಾಫಿಯ ಬಟ್ಟಲಿನ ತಳದಲ್ಲಿ ಉಳಿದ ಗಸಿಯನ್ನು ನೋಡುತ್ತ ಕೂತಿದ್ದಳು. ಸಾಕ್ಷಿ ಬೇಕಲ್ಲ ಎಂದು ಖಿದಿರ್ ಅಂಗಳಕ್ಕೆ ಹೋಗಿದ್ದ, ಪಾಪಿ.

ಗಂಡಹೆಂಡತಿ ಬಳೆ ಮಾರಲು ಹೋದರು, ಬಂದು ಹಣ ಎಣಿಸಿದರು. ತಿಜಾನಿ ತನ್ನ ದಲ್ಲಾಳಿ ಹಣ ಹಿಡಿದುಕೊಂಡು ಉಳಿದದ್ದು ಕೊಟ್ಟ. ಕಡಿಮೆ ಬಿದ್ದದ್ದಕ್ಕೆ ಖಿದಿರನ ಹೊಲಿಗೆ ಯಂತ್ರ ಮಾರಿದರಾಯಿತು ಎಂದುಕೊಂಡು ಬತೂಲ್ ಮಕ್ಕಾವಿಯ ಅಂಗಡಿಗೆ ಹೆಚ್ಚುಕಡಿಮೆ ಓಡಿದಳು.

ಮಕ್ಕಾವಿ ಅವಳನ್ನು ನೋಡಿ ಗಡ್ಡಕ್ಕೆ ಕೈ ಹಾಕಿದ.

"ಹಬ್ಬಕ್ಕೆ ಇನ್ನೂ ದಿನ ಇದೆ ಅಣ್ಣಾ. ನನ್ನ ಬಳೆ ಕೊಡು."

"ಬೆಲೆ ಏರಿತಲ್ಲಮ್ಮ," ಅಂದ ಅವನು. "ಏರಿದಾಗ ಇಟ್ಟುಕೊಂಡು ಕೂರೋಕೆ ನಾನೇನು ಕಾವಲುಗಾರನಾ? ಕರಗಿಸಿದೆ."

"ಮಾತು ಕೊಟ್ಟಿದ್ದೆ!"

"ಕೊಟ್ಟಿದ್ದೆ. ನೀನು ಬರಲ್ಲ ಅಂದುಕೊಂಡೆ. ಯಾರೂ ಬರಲ್ಲಮ್ಮ, ಬಿಡಿಸ್ಕೋತೀನಿ ಅಂದವರು ಒಬ್ಬರೂ ಬಂದದ್ದು ನಾನು ನೋಡಿಲ್ಲ." ಅವನಿಗೂ ಸ್ವಲ್ಪ ನಾಚಿಕೆಯಾದಂತಿತ್ತು. ಪೆಟ್ಟಿಗೆ ತೆರೆದು ಬಟ್ಟೆಯ ಗಂಟೊಂದನ್ನು ಬಿಚ್ಚಿದ. "ಅಳಬೇಡ. ಇದು ತಗೋ, ಈಗಷ್ಟೇ ಬಂದದ್ದು. ಹೆಚ್ಚುಕಡಿಮೆ ಅದೇ ತೂಕ, ಮಜೂರಿ ಹಾಕಲ್ಲ. ನಿನ್ನ ಕೈಲಿರೋ ಹಣವೇ ಸಾಕು. ಚಿನ್ನಕ್ಕೇನು ಮುಖ ಇರುತ್ತಾ?"

ಹುರಿಹಗ್ಗದಂತೆ ತಿರುಚಿದ ನಾಲ್ಕು ಬಳೆ. ತಿರುಚಿನ ಸಂದಿಯಲ್ಲಿ ತಿಜಾನಿಯ ಅಂಗಳದ ಬಿಳಿ ಮರಳು ಇನ್ನೂ ಸಿಕ್ಕಿಕೊಂಡಿತ್ತು.

ಬತೂಲ್ ಆ ಮರಳನ್ನು ಉಗುರಿನಿಂದ ಕೆದಕಿದಳು. ನಾಲ್ಕು ಮಾತು ನುಂಗಿದ್ದು ಇದಕ್ಕಾ? ತಾಯಿಯ ಬಳೆಗೆ ಅಂತ ನುಂಗಿದ್ದು. ತಾಯಿಯ ಬಳೆ ಯಾವತ್ತೋ ಬೆಂಕಿಯಲ್ಲಿ ನೀರಾಗಿ ಹೋಗಿತ್ತು.

"ತಗೋ, ತಗೋ," ಖಿದಿರ್ ಹಿಂದಿನಿಂದ ಅಂದ. "ಬಳೆ ಹೋಗಿ ಬಳೆ ಬಂತಲ್ಲ. ಇನ್ನೇನು ಬೇಕು ನಿನಗೆ? ನಾನು ಹೇಳಿರಲಿಲ್ವಾ, ಕೈಗೆ ಹಾಕ್ತೀನಿ ಅಂತ!" ಅವಳ ಬಲಗೈ ಹಿಡಿದು ಒಂದು ಬಳೆ ತೂರಿಸಲು ಹೋದ. ಹೋಗಲಿಲ್ಲ. ಮಕ್ಕಾವಿ ಸೋಪಿನ ನೀರು ಕೊಟ್ಟ. ಖಿದಿರ್ ಗೆಣ್ಣಿನ ಮೇಲೆ ಒತ್ತಿದ, ಬತೂಲ್ ಹಲ್ಲು ಕಚ್ಚಿದಳು. ಕೊನೆಗೆ ಬಳೆ ಒಳಗೆ ಹೋಯಿತು. ಕೈಯ ಮೇಲಿನ ಚರ್ಮ ಸುಲಿದು ರಕ್ತ ಜಿನುಗಿತು.

"ಬೇಡ, ತೆಗಿ," ಅಂದಳು. ಬಳೆ ಹಿಂದಕ್ಕೆ ಬರಲಿಲ್ಲ. ಕೈ ಊದತೊಡಗಿತ್ತು.

"ಕತ್ತರಿಸಬೇಕಾಗುತ್ತೆ," ಅಂದ ಮಕ್ಕಾವಿ. "ನಾಳೆ ಬಾ."

ಕೈಲಿದ್ದ ಹಣ ಎಣಿಸಿ ಕೊಟ್ಟು, ಉಳಿದ ಮೂರನ್ನು ಸೀರೆಯಂತೆ ಮೈಗೆ ಸುತ್ತಿದ ತೋಬಿನ ಸೆರಗಿನ ತುದಿಗೆ ಗಂಟು ಹಾಕಿ ಬೀದಿಗೆ ಬಂದಳು. ಅದೇ ಹೊತ್ತಿಗೆ ಪಿಕಪ್ ಒಂದು ಜನರನ್ನು ತುಂಬಿಕೊಂಡು ಮರಳುಗಾಡಿನ ದಾರಿಗೆ ತಿರುಗಿತು. ಮೇಲೆ ಬದವಿ, ಮಗುವಿನಂತೆ ಹಳದಿ ಯಂತ್ರವನ್ನು ತಬ್ಬಿಕೊಂಡು ಕೂತಿದ್ದ. ಬೀಳ್ಕೊಡಲು ನಿಂತಿದ್ದ ಇಖ್ಲಾಸ್ ದೂಳಿನ ನಡುವೆ ಬತೂಲಳನ್ನು ಕಂಡು ರಸ್ತೆಯ ಆಚೆಯಿಂದಲೇ ಕೈ ಬೀಸಿದಳು. ಖಾಲಿ ಕೈ. ಮಣಿಕಟ್ಟಿನ ಸುತ್ತ ಬಿಳಿಚು ಪಟ್ಟಿ.

"ಅಕ್ಕಾ! ಮೊದಲ ಪಾಲು ಬರಲಿ, ನಿಮ್ಮ ಮನೆಗೆ ಸಿಹಿ ತರ್ತೀನಿ! ಹರಸಿ ಅಕ್ಕಾ!"

ಈಗಲೂ ಕೂಗಬಹುದಿತ್ತು. ಪಿಕಪ್ ಇನ್ನೂ ಸಂತೆಯ ತುದಿ ದಾಟಿರಲಿಲ್ಲ, ಗುಂಡಿ ಬಿದ್ದ ದಾರಿಯಲ್ಲಿ ನಿಧಾನ ಹೋಗುತ್ತಿತ್ತು. ಬತೂಲ್ ಬಾಯಿ ತೆರೆದಳು. ಆದರೆ ಕೂಗಿದರೆ ಹುಡುಗಿ ಹತ್ತಿರ ಬರುತ್ತಾಳೆ, ಹತ್ತಿರ ಬಂದರೆ ಕೈ ನೋಡುತ್ತಾಳೆ.

ಎಡಗೈಯಲ್ಲಿ ಯಾರೂ ಯಾರನ್ನೂ ಹರಸುವುದಿಲ್ಲ. ಬತೂಲ್ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಎಡಗೈ ಎತ್ತಿದಳು. ಹುಡುಗಿಗೆ ಅದು ಗೊತ್ತಾಗಲಿಲ್ಲ, ನಗುತ್ತಲೇ ಇದ್ದಳು.